ಕೋವಿಗೆ ಕೂಳೆಯ ಬಣ್ಣ: ಬೇಟೆಯ ಶಾಟ್‌ಗನ್ನಿಗೆ ಮನೆಯಲ್ಲೇ ಕ್ಯಾಮೊಫ್ಲಾಜ್ ಬಳಿಯುವ ಬಗೆ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಹ್ಯೂಸ್ಟನ್ ನಗರದ ಪಶ್ಚಿಮಕ್ಕಿರುವ ಕೇಟಿಯಿಂದ ನೈಋತ್ಯದ ಎಲ್ ಕ್ಯಾಂಪೊವರೆಗೆ ಭತ್ತ ಬೆಳೆಯುವ ಬಯಲು ಹರಡಿಕೊಂಡಿದೆ. ಕೊಯ್ಲಾದ ಮೇಲೆ ಉಳಿಯುವ ಕೂಳೆ, ಅದರ ನಡುವೆ ನಿಲ್ಲುವ ನೀರು, ಬದುವಿನ ಮೇಲೆ ಒಣಗಿ ಬಾಗಿದ ಜೊಂಡು, ಇವೆಲ್ಲ ಮಂಡ್ಯದ ಕಡೆಯವರಿಗೆ ಹೊಸ ನೋಟವೇನೂ ಅಲ್ಲ. ಚಳಿಗಾಲದಲ್ಲಿ ಉತ್ತರದಿಂದ ಬರುವ ಬಾತುಗಳೂ ಹೆಬ್ಬಾತುಗಳೂ ಈ ನೀರಿಗೆ ಇಳಿಯುತ್ತವೆ, ಅವುಗಳನ್ನು ಕಾಯುವ ಬೇಟೆಗಾರನು ಮೈಗೆ ಕಂದು ಬಟ್ಟೆ, ಮುಖಕ್ಕೆ ಬಲೆ ಹಾಕಿಕೊಂಡು ಜೊಂಡಿನ ಮರೆಯಲ್ಲಿ ಕುಳಿತಿರುತ್ತಾನೆ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡವನ ಕೈಯಲ್ಲಿ ಎಪ್ಪತ್ತು ಸೆಂಟಿಮೀಟರ್ ಉದ್ದದ, ಕಪ್ಪಗೆ ಮಿನುಗುವ, ಅಳತೆಗೋಲಿನಂತೆ ನೆಟ್ಟಗಿರುವ ಒಂದು ನಳಿಕೆ ಇದ್ದರೆ, ಮೇಲೆ ಸುತ್ತು ಹಾಕುತ್ತಿರುವ ಹಕ್ಕಿಗೆ ಮೊದಲು ಕಾಣುವುದು ಅದೇ. ಆ ಒಂದು ವಸ್ತುವನ್ನು ಕೂಳೆಯ ಬಣ್ಣಕ್ಕೆ ಇಳಿಸುವುದು ಹೇಗೆಂಬುದೇ ಈ ಬರಹದ ವಿಷಯ.

ಮೊದಲಿಗೆ ಎರಡು ಮಾತು ಕಾನೂನಿನ ಬಗ್ಗೆ ಹೇಳಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿರುವುದರಿಂದ, ಕೊಡಗಿನ ಮನೆಯ ಗೋಡೆಯ ಮೇಲಿರುವ ಜೋಡಿ ನಳಿಕೆಯ ಕೋವಿಗಾಗಲಿ ಮಲೆನಾಡಿನ ತೋಟದ ಮನೆಯ ಕೇಪಿನ ಕೋವಿಗಾಗಲಿ ಈ ಕೆಲಸದ ಅಗತ್ಯವೇ ಇಲ್ಲ. ಕೈಲ್‌ಪೊಳ್ದಿನ ದಿನ ಹೂ ಮುಡಿಸಿ ಪೂಜಿಸುವ ಹಳೆಯ ಕೋವಿಯ ಮೇಲೆ ಯಾರೂ ಸ್ಪ್ರೇ ಡಬ್ಬಿ ಹಿಡಿಯಬಾರದೆಂಬುದು ನನ್ನ ಕೋರಿಕೆ. ಅಮೆರಿಕದಲ್ಲಿ ಪರವಾನಗಿ ಪಡೆದು ಬೇಟೆಯಾಡುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲಿರುವವರು ಒಂದು ಸಂಗತಿಯನ್ನು ಮರೆಯುವಂತಿಲ್ಲ. ಅಲ್ಲಿನ ಫೆಡರಲ್ ಕಾನೂನು ಅಂಥವರಿಗೆ ಬಂದೂಕು ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಇದೆಯಾದರೂ, ಪರವಾನಗಿಯ ಅವಧಿ ಮುಗಿದ ದಿನವೇ ಆ ವಿನಾಯಿತಿಯ ನೆಲೆಯೂ ತಪ್ಪುತ್ತದೆ. ಸ್ವಂತ ಕೋವಿಗೆ ಸ್ವಂತ ಮನೆಯಲ್ಲಿ ಬಣ್ಣ ಬಳಿದುಕೊಳ್ಳುವುದಕ್ಕೆ ಬೇರೆ ಫೆಡರಲ್ ಪರವಾನಗಿ ಬೇಕಿಲ್ಲ, ಆದರೆ ಹಣ ಪಡೆದು ಇತರರ ಕೋವಿಗಳಿಗೆ ಬಳಿಯುವುದು ವ್ಯಾಪಾರವಾಗುತ್ತದೆ, ಅದಕ್ಕೆ ನಿಯಮಗಳು ಬೇರೆ.

ಯಾವ ಕೋವಿಗೆ ಬಳಿಯಬಹುದು

ಪ್ಲಾಸ್ಟಿಕ್ ಹಿಡಿಯ, ಮಾಸಲು ಕಪ್ಪು ಲೋಹದ, ಹನ್ನೆರಡು ಗೇಜಿನ (ಗೇಜು ಎಂದರೆ ನಳಿಕೆಯ ಒಳಗಲದ ಅಳತೆ) ಸಾದಾ ಪಂಪ್ ಕೋವಿ, ಎಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಬದಲಿಸುವ ಕೋವಿ, ಈ ಕೆಲಸಕ್ಕೆ ಅತ್ಯಂತ ತಕ್ಕದ್ದು. 1950ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ 870 ಮತ್ತು ಅದರ ಹಳೆಯ ಪ್ರತಿಸ್ಪರ್ಧಿಯಾದ ಮಾಸ್‌ಬರ್ಗ್ 500, ಈ ಎರಡೂ ಬಿಚ್ಚಿ ಜೋಡಿಸಲು ಸುಲಭವಾದವು, ಬಳಸಿದ ಸ್ಥಿತಿಯಲ್ಲಿ ಕಡಿಮೆ ಬೆಲೆಗೆ ಸಿಗುವಂಥವು, ಬಣ್ಣ ಕೆಟ್ಟರೂ ಯಾರ ಎದೆಯೂ ಒಡೆಯದಂಥವು. ವಾಲ್ನಟ್ ಮರದ ಹಿಡಿ, ಕೆತ್ತನೆಯ ರಿಸೀವರ್ (ಯಂತ್ರಭಾಗಗಳನ್ನು ಒಳಗೊಂಡ ಲೋಹದ ನಡುಭಾಗ) ಅಥವಾ ಆಳವಾದ ಹೊಳೆಯುವ ನೀಲಿ ಹೊಳಪು ಇರುವ ಕೋವಿಯನ್ನು ಮಾತ್ರ ಮುಟ್ಟಬಾರದು. ಬಣ್ಣವನ್ನು ಮುಂದೆ ತೆಗೆಯಬಹುದೆಂದು ಎಷ್ಟೇ ಹೇಳಿದರೂ, ಮರದ ರಂಧ್ರಗಳಿಗೂ ಕೆತ್ತನೆಯ ಗೆರೆಗಳಿಗೂ ಇಳಿದದ್ದು ಪೂರ್ತಿಯಾಗಿ ಬರುವುದಿಲ್ಲ, ಕೋವಿಯ ಮಾರಾಟದ ಬೆಲೆಯೂ ಕುಸಿಯುತ್ತದೆ. ಮನಸ್ಸು ಅನುಮಾನಿಸುತ್ತಿದ್ದರೆ, ತನಗೆ ತಾನೇ ಅಂಟಿಕೊಳ್ಳುವ ಬಟ್ಟೆಯ ಕ್ಯಾಮೊ ಟೇಪನ್ನು ಒಂದು ಋತುವಿನ ಮಟ್ಟಿಗೆ ಸುತ್ತಿ ನೋಡಬಹುದು. ಆದರೆ ಒದ್ದೆಯಾದ ಟೇಪಿನಡಿ ತುಕ್ಕು ಬೇಗ ಹಿಡಿಯುವುದರಿಂದ ಪ್ರತಿ ಬೇಟೆಯ ನಂತರ ಅದನ್ನು ಬಿಚ್ಚಿ ಒಣಗಿಸಬೇಕಾಗುತ್ತದೆ.

ಹಕ್ಕಿಯ ಕಣ್ಣಿಗೆ ಏನು ಕಾಣುತ್ತದೆ

ಬಣ್ಣ ಆರಿಸುವ ಮೊದಲು ಯಾರ ಕಣ್ಣನ್ನು ತಪ್ಪಿಸಬೇಕೆಂದು ಯೋಚಿಸುವುದು ಒಳ್ಳೆಯದು. ಜಿಂಕೆಗೆ ಕೆಂಪು ಮತ್ತು ಕಿತ್ತಳೆ ಸರಿಯಾಗಿ ಕಾಣುವುದಿಲ್ಲ, ಆದುದರಿಂದಲೇ ಜಿಂಕೆ ಬೇಟೆಗಾರರು ಗಾಢ ಕಿತ್ತಳೆ ಅಂಗಿ ತೊಟ್ಟು ನಿಂತರೂ ಬೇಟೆ ನಡೆಯುತ್ತದೆ. ಬಾತು ಮತ್ತು ಟರ್ಕಿ ಕೋಳಿಯ ಕಥೆ ಬೇರೆ. ಈ ಹಕ್ಕಿಗಳು ನಮಗಿಂತ ಹೆಚ್ಚು ಬಣ್ಣಗಳನ್ನು ಬೇರ್ಪಡಿಸಬಲ್ಲವು, ಅವುಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಬಹುಪಾಲು ಸುತ್ತಲನ್ನೂ ಒಮ್ಮೆಗೇ ನೋಡುತ್ತವೆ. ಹಾಗಿದ್ದರೂ ಅವುಗಳನ್ನು ಬೆದರಿಸುವುದು ಬಣ್ಣದ ಸಣ್ಣ ತಪ್ಪಲ್ಲ. ಮೊದಲನೆಯದಾಗಿ ಚಲನೆ, ಎರಡನೆಯದಾಗಿ ಹೊಳಪು, ಮೂರನೆಯದಾಗಿ ನಿಸರ್ಗದಲ್ಲಿ ಇರಲಾರದಂಥ ಉದ್ದನೆಯ ನೇರ ಗೆರೆ ಅವುಗಳ ಗಮನ ಸೆಳೆಯುತ್ತವೆ. ಚಲನೆಯನ್ನು ಬಣ್ಣದಿಂದ ನಿಲ್ಲಿಸಲಾಗದು, ಉಳಿದೆರಡನ್ನು ನಿಲ್ಲಿಸಬಹುದು. ಹೊಳಪೇ ಇಲ್ಲದ ಬಣ್ಣ ಬಳಿದರೆ ಅರ್ಧ ಕೆಲಸ ಮುಗಿಯುತ್ತದೆ, ನಳಿಕೆಯ ಅಂಚನ್ನು ಎರಡು ಮೂರು ಕಡೆ ಒಡೆಯುವಂತೆ ದೊಡ್ಡ ತೇಪೆಗಳನ್ನು ಹಾಕಿದರೆ ಉಳಿದರ್ಧವೂ ಮುಗಿಯುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ರಿಯಲ್‌ಟ್ರೀ, ಮಾಸಿ ಓಕ್ ಮುಂತಾದ ಕಾರ್ಖಾನೆಯ ವಿನ್ಯಾಸಗಳಲ್ಲಿ ಎಲೆಯ ನರವೂ ತೊಗಟೆಯ ಬಿರುಕೂ ಛಾಯಾಚಿತ್ರದಂತೆ ಮೂಡಿರುವುದನ್ನು ಕಂಡು, ಅದೇ ಸೂಕ್ಷ್ಮವನ್ನು ಸ್ಪ್ರೇ ಡಬ್ಬಿಯಿಂದ ತರಲು ಹೊರಡುತ್ತಾರೆ. ಅಂಗಡಿಯ ಕಪಾಟಿನಲ್ಲಿ ಅದು ಚೆಂದವಾಗಿ ಕಾಣುತ್ತದೆ ನಿಜ, ಆದರೆ ಮೂವತ್ತು ಮೀಟರ್ ದೂರದಿಂದ ಸಣ್ಣ ಸಣ್ಣ ಚುಕ್ಕೆ ಗೆರೆಗಳು ಒಂದರೊಳಗೊಂದು ಕರಗಿ ಒಂದೇ ಕಪ್ಪು ಮುದ್ದೆಯಾಗುತ್ತವೆ. ಮೂರು ಬಣ್ಣ, ಅಂಗೈಯಗಲದ ತೇಪೆಗಳು, ನಡುವೆ ಸಾಕಷ್ಟು ತಿಳಿ ಬಣ್ಣ, ಇಷ್ಟಿದ್ದರೆ ಕೋವಿ ದೂರದಿಂದ ತುಂಡು ತುಂಡಾಗಿ ಕಾಣುತ್ತದೆ. ನಮಗೆ ಬೇಕಾದದ್ದು ಅದೇ.

ಟರ್ಕಿ ಬೇಟೆಗೂ ಅದೇ ಕೋವಿಯನ್ನು ಒಯ್ಯುವವರು ಕೆಂಪು, ಬಿಳಿ ಮತ್ತು ನೀಲಿಯನ್ನು ಯಾವ ಕಾರಣಕ್ಕೂ ಬಳಸಬಾರದು. ಗಂಡು ಟರ್ಕಿಯ ತಲೆಯಲ್ಲಿ ಈ ಮೂರೂ ಬಣ್ಣಗಳಿರುವುದರಿಂದ, ಪೊದೆಯ ನಡುವೆ ಅವು ಮಿಂಚಿದರೆ ಇನ್ನೊಬ್ಬ ಬೇಟೆಗಾರನು ನಿಮ್ಮನ್ನೇ ಹಕ್ಕಿಯೆಂದು ತಿಳಿಯುವ ಅಪಾಯವಿದೆ.

ಬೇಕಾಗುವ ಸಾಮಾನು

ಕ್ಯಾಮೊಫ್ಲಾಜ್ ಎಂದೇ ಹೆಸರಿಟ್ಟು ಮಾರುವ, ಒಂದಿಷ್ಟೂ ಹೊಳೆಯದ ಸ್ಪ್ರೇ ಬಣ್ಣಗಳನ್ನು ರಸ್ಟ್-ಓಲಿಯಂ ಮತ್ತು ಕ್ರೈಲಾನ್ ಕಂಪನಿಗಳು ತಯಾರಿಸುತ್ತವೆ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಕೂಳೆ ಗದ್ದೆಗೆ ಖಾಕಿ, ಮಣ್ಣುಗಂದು ಮತ್ತು ಸ್ವಲ್ಪವೇ ಸ್ವಲ್ಪ ಆಲಿವ್ ಹಸಿರು ಸಾಕು. ಕಪ್ಪು ಬೇಡವೆಂದೇ ನನ್ನ ಅಭಿಪ್ರಾಯ. ಬಣ್ಣ ಹಾಕದೆ ಬಿಡುವ ಭಾಗಗಳಲ್ಲಿ ಕಪ್ಪು ಹೇಗೂ ಇರುತ್ತದೆ. ಇದಕ್ಕಿಂತ ಗಟ್ಟಿಯಾದ ಲೇಪನಗಳೂ ಇವೆ. ಆಲ್ಯುಮಾ-ಹೈಡ್ ಎಂಬ ಎಪಾಕ್ಸಿ ಸ್ಪ್ರೇ ಚೆನ್ನಾಗಿ ಹಿಡಿಯುತ್ತದೆ, ಆದರೆ ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಕಾಯಬೇಕು. ಸೆರಕೋಟ್‌ನ ಒಲೆಯಲ್ಲಿ ಬೇಯಿಸುವ ಲೇಪನಕ್ಕೆ ಲೋಹದ ಭಾಗಗಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಕಾಯಿಸಬೇಕು, ಅಡುಗೆಗೆ ಬಳಸುವ ಒಲೆಯಲ್ಲಿ ಅದನ್ನು ಮಾಡಲೇಬಾರದು. ಮೊದಲ ಸಲ ಬಳಿಯುವವರಿಗೆ ಸಾದಾ ಸ್ಪ್ರೇ ಡಬ್ಬಿಯೇ ಸರಿ, ಏಕೆಂದರೆ ತಪ್ಪಿದರೆ ಅದರ ಮೇಲೆ ಇನ್ನೊಮ್ಮೆ ಬಳಿಯಬಹುದು.

ಉಳಿದಂತೆ ಐಸೊಪ್ರೊಪೈಲ್ ಆಲ್ಕೋಹಾಲ್, ಮಿನರಲ್ ಸ್ಪಿರಿಟ್, ನೂಲು ಬಿಡದ ಬಟ್ಟೆ, 400ನೇ ನಂಬರಿನ ಉಪ್ಪುಕಾಗದ ಅಥವಾ ಬೂದು ಬಣ್ಣದ ಸ್ಕಾಚ್‌ಬ್ರೈಟ್, ಬಣ್ಣ ಬಳಿಯುವವರ ಮಾಸ್ಕಿಂಗ್ ಟೇಪ್, ಚೂಪಾದ ಬ್ಲೇಡು, ಕಿವಿಗೆ ಇಟ್ಟುಕೊಳ್ಳುವ ಫೋಮ್ ಬಿರಡೆಗಳು, ನೈಟ್ರೈಲ್ ಕೈಗವಸು, ರಾಸಾಯನಿಕ ಆವಿಯನ್ನು ತಡೆಯುವ ಮುಖವಾಡ ಮತ್ತು ಅರ್ಧ ಇಂಚಿನ ಒಂದು ಪಿವಿಸಿ ಪೈಪಿನ ತುಂಡು ಬೇಕು. ಪೈಪು ಏಕೆಂದರೆ, ಅದರ ಹೊರಗಿನ ವ್ಯಾಸ ಸುಮಾರು 21 ಮಿಲಿಮೀಟರ್ ಇರುತ್ತದೆ, ಅದು ಹನ್ನೆರಡು ಗೇಜಿನ ನಳಿಕೆಯ ದಪ್ಪಕ್ಕೆ ಹತ್ತಿರ. ಅಭ್ಯಾಸವನ್ನು ರಟ್ಟಿನ ಮೇಲೆ ಮಾಡಿದವರಿಗೆ ದುಂಡನೆಯ ಮೈಮೇಲೆ ಬಣ್ಣ ಹೇಗೆ ಕೂರುತ್ತದೆಂದು ತಿಳಿಯುವುದಿಲ್ಲ.

ಮೊದಲ ಹೆಜ್ಜೆ: ಖಾಲಿ ಮಾಡುವುದು ಮತ್ತು ಬಿಚ್ಚುವುದು

ತೋಟಾಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿದ ನಂತರವೇ ಕೋವಿಯನ್ನು ಮೇಜಿನ ಮೇಲಿಡಬೇಕು. ನಳಿಕೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿ ಆಕ್ಷನ್ (ತೋಟಾವನ್ನು ಒಳಸೇರಿಸಿ ಹೊರಹಾಕುವ ಯಂತ್ರಭಾಗ) ತೆರೆದು, ತೋಟಾ ಕೂರುವ ನಳಿಕೆಯ ಬುಡವಾದ ಚೇಂಬರಿನೊಳಗೆ ಕಣ್ಣಿನಿಂದ ನೋಡಿ ಬೆರಳಿನಿಂದಲೂ ಮುಟ್ಟಿ ನೋಡಬೇಕು, ನಂತರ ಉಳಿದ ತೋಟಾಗಳನ್ನು ತುಂಬಿಡುವ, ನಳಿಕೆಯಡಿಯ ಮ್ಯಾಗಜಿನ್ ಕೊಳವೆಯಲ್ಲಿ ತೋಟಾ ಉಳಿದಿಲ್ಲವೆಂದು ಅದೇ ರೀತಿ ಖಚಿತಪಡಿಸಿಕೊಳ್ಳಬೇಕು. ಪಂಪ್ ಕೋವಿಯಲ್ಲಿ ಚೇಂಬರ್ ಖಾಲಿಯಾಗಿದ್ದು ಕೊಳವೆಯಲ್ಲಿ ಒಂದು ಉಳಿದಿರುವುದು ಅಪರೂಪವಲ್ಲ.

ಆಕ್ಷನ್ನನ್ನು ಅರ್ಧಕ್ಕೆ ತೆರೆದು ಮ್ಯಾಗಜಿನ್ನಿನ ಮುಂದಿನ ಮುಚ್ಚಳ ತಿರುಗಿಸಿದರೆ ರೆಮಿಂಗ್ಟನ್ 870ರ ನಳಿಕೆ ಮುಂದಕ್ಕೆ ಜಾರಿ ಬರುತ್ತದೆ. ಮಾಸ್‌ಬರ್ಗ್‌ನಲ್ಲಿಯೂ ಕ್ರಮ ಹೆಚ್ಚುಕಡಿಮೆ ಹೀಗೆಯೇ ಇದೆ. ಟ್ರಿಗರ್ ಜೋಡಣೆಯನ್ನು ಪೂರ್ತಿಯಾಗಿ ಹೊರತೆಗೆದರೆ ಒಳಗೆ ಬಣ್ಣ ಹೋಗುವ ಚಿಂತೆಯೇ ಇರುವುದಿಲ್ಲ. 870ರಲ್ಲಿ ಅದನ್ನು ಎರಡು ಪಿನ್ನುಗಳೂ 500ರಲ್ಲಿ ಒಂದು ಪಿನ್ನೂ ಹಿಡಿದಿರುತ್ತವೆ. ಹಿಂಬದಿಯ ರಬ್ಬರ್ ಪ್ಯಾಡಿನ ಎರಡು ತಿರುಪುಗಳನ್ನು ತೆಗೆದರೆ ಒಳಗಿರುವ ಉದ್ದನೆಯ ಬೋಲ್ಟು ಸಿಗುತ್ತದೆ, ಅದನ್ನು ಸಡಿಲಿಸಿದರೆ ಸ್ಟಾಕ್, ಎಂದರೆ ಭುಜಕ್ಕೆ ಒರಗಿಸುವ ಹಿಂದಿನ ಹಿಡಿ, ಬೇರೆಯಾಗುತ್ತದೆ. ಪ್ರತಿ ಹಂತದಲ್ಲಿಯೂ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡು, ಪಿನ್ನು ತಿರುಪುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟರೆ ಜೋಡಿಸುವಾಗ ತಲೆ ಕೆರೆದುಕೊಳ್ಳುವ ಪ್ರಮೇಯ ಬರುವುದಿಲ್ಲ.

ಎರಡನೆಯ ಹೆಜ್ಜೆ: ಎಣ್ಣೆ ತೆಗೆಯುವುದು

ಕೋವಿಯ ಬಣ್ಣ ಎದ್ದುಹೋಯಿತೆಂದು ದೂರುವವರಲ್ಲಿ ಹೆಚ್ಚಿನವರು ದೂರಬೇಕಾದದ್ದು ಬಣ್ಣವನ್ನಲ್ಲ, ಎಣ್ಣೆಯನ್ನು. ವರ್ಷಗಟ್ಟಲೆ ತುಕ್ಕು ಬಾರದಂತೆ ಎಣ್ಣೆ ಕುಡಿಸಿದ ಲೋಹವು ಒಂದು ಸಲ ಒರೆಸಿದ ಮಾತ್ರಕ್ಕೆ ಅದನ್ನು ಬಿಟ್ಟುಕೊಡುವುದಿಲ್ಲ. ಮಿನರಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೊದಲು ಲೋಹವನ್ನು ಒರೆಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದುಗೊಂದುಗಳನ್ನು ಉಜ್ಜಿ, ಒಣಗಿದ ಮೇಲೆ ಆಲ್ಕೋಹಾಲಿನಿಂದ ಎರಡು ಸಲ, ಪ್ರತಿ ಸಲ ಹೊಸ ಬಟ್ಟೆಯಿಂದ ಒರೆಸಬೇಕು. ಕೊನೆಯ ಬಟ್ಟೆಯ ಮೇಲೆ ಕಲೆ ಕಾಣದಿದ್ದರೆ ಕೆಲಸ ಆಗಿದೆಯೆಂದು ಅರ್ಥ. ರಿಸೀವರಿನ ಪಿನ್ನಿನ ರಂಧ್ರಗಳಿಂದ ಎಣ್ಣೆ ಒಂದೆರಡು ಗಂಟೆಗಳ ನಂತರ ಮತ್ತೆ ಒಸರುವುದುಂಟು. ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿದರೆ ಅಡಗಿದ್ದದ್ದು ಹೊರಬರುತ್ತದೆ, ಆಮೇಲೆ ಇನ್ನೊಮ್ಮೆ ಒರೆಸಬಹುದು. ಬಿಸಿ ಮಾಡುವ ಮೊದಲು ಆಲ್ಕೋಹಾಲೂ ಸ್ಪಿರಿಟ್ಟೂ ಪೂರ್ತಿ ಆವಿಯಾಗಿರಬೇಕು, ಡಬ್ಬಿ ಬಟ್ಟೆಗಳನ್ನು ದೂರ ಇಟ್ಟಿರಬೇಕು, ಅವುಗಳ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಪ್ಲಾಸ್ಟಿಕ್ ಹಿಡಿಗಳಿಗೆ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರು, ಒಣಗಿದ ಮೇಲೆ ಆಲ್ಕೋಹಾಲು ಸಾಕು. ಅಸಿಟೋನ್ ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುವುದರಿಂದ ಅದನ್ನು ಹತ್ತಿರ ತರಬಾರದು. ಇಲ್ಲಿಂದ ಮುಂದೆ ಬರಿಗೈಯಲ್ಲಿ ಯಾವ ಭಾಗವನ್ನೂ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡೂ ಎಣ್ಣೆಯೇ.

ಒರೆಸಿದ ನಂತರ ಪ್ಲಾಸ್ಟಿಕ್ಕನ್ನು ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ತಿಕ್ಕಬೇಕು. ಮಾಸಲಾಗಿರುವ ಲೋಹವು ಬಣ್ಣವನ್ನು ಹಾಗೆಯೇ ಹಿಡಿಯುತ್ತದೆ, ನುಣ್ಣಗೆ ಹೊಳೆಯುವ ಲೋಹವಿದ್ದರೆ ಬೂದು ಸ್ಕಾಚ್‌ಬ್ರೈಟಿನಿಂದ ಮೆಲ್ಲಗೆ ಸವರಬಹುದು. ಸೀರಿಯಲ್ ನಂಬರಿನ ಸುತ್ತಮುತ್ತ ಮಾತ್ರ ತಿಕ್ಕಲೇಬಾರದು. ಅದನ್ನು ಅಳಿಸುವುದು ಅಥವಾ ತಿದ್ದುವುದು, ಅಂಥ ಕೋವಿಯನ್ನು ಇಟ್ಟುಕೊಳ್ಳುವುದು ಅಮೆರಿಕದಲ್ಲಿ ಫೆಡರಲ್ ಅಪರಾಧ. ತಿಕ್ಕಿದ ಪುಡಿಯನ್ನು ಆಲ್ಕೋಹಾಲಿನಿಂದ ಕೊನೆಯ ಬಾರಿ ಒರೆಸಿ ತೆಗೆಯಬೇಕು.

ಮೂರನೆಯ ಹೆಜ್ಜೆ: ಮುಚ್ಚಬೇಕಾದದ್ದನ್ನು ಮುಚ್ಚುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇದು. ಬಣ್ಣ ಎರಚುವುದು ಕೆಲವು ನಿಮಿಷಗಳ ಮಾತು, ಟೇಪು ಅಂಟಿಸಲು ನನಗೆ ಈಗಲೂ ಒಂದೂವರೆ ಗಂಟೆ ಬೇಕಾಗುತ್ತದೆ. ನಿಯಮ ಸರಳವಾದದ್ದು: ಒಂದರ ಮೇಲೊಂದು ಜಾರುವ, ತಿರುಗುವ, ತಿರುಪಿನಂತೆ ಕೂರುವ ಯಾವ ಮೈಗೂ ಬಣ್ಣ ತಾಗಕೂಡದು. ಪಂಪ್ ಕೋವಿಯಲ್ಲಿ ಮುಂದಿನ ಹಿಡಿ ಹಿಂದೆ ಮುಂದೆ ಓಡುವುದು ಮ್ಯಾಗಜಿನ್ ಕೊಳವೆಯ ಹೊರಮೈಯ ಮೇಲೆ, ಹೀಗಾಗಿ ಆ ಕೊಳವೆಯನ್ನು ಪೂರ್ತಿಯಾಗಿ ಸುತ್ತಬೇಕು. ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟು, ಅದನ್ನು ಮುಂದಿನ ಹಿಡಿಗೆ ಜೋಡಿಸುವ ಆಕ್ಷನ್ ಬಾರುಗಳು, ಖಾಲಿ ತೋಟಾ ಹಾರುವ ಕಿಂಡಿಯ ಒಳಗು, ನಳಿಕೆಯು ರಿಸೀವರಿನೊಳಕ್ಕೆ ಹೊಗುವ ಭಾಗ, ನಳಿಕೆಯಡಿಯ ಉಂಗುರದ ಒಳಮೈ, ಮುಚ್ಚಳದ ತಿರುಪಿನ ಸುರುಳಿಗಳು, ಇವುಗಳಿಗೂ ಅದೇ ನಿಯಮ. ಗ್ಯಾಸಿನಿಂದ ಓಡುವ ಅರೆ-ಸ್ವಯಂಚಾಲಿತ ಕೋವಿಯಾದರೆ ನಳಿಕೆಯಲ್ಲಿರುವ ಸಣ್ಣ ಗ್ಯಾಸ್ ರಂಧ್ರಗಳಿಗೆ ಬಣ್ಣ ಕಟ್ಟಿಕೊಳ್ಳದಂತೆ ವಿಶೇಷ ಎಚ್ಚರ ಬೇಕು, ಕಟ್ಟಿಕೊಂಡರೆ ಕೋವಿ ತೋಟಾ ಬದಲಿಸುವುದನ್ನೇ ನಿಲ್ಲಿಸುತ್ತದೆ.

ಸೇಫ್ಟಿ ಗುಂಡಿಗೂ ಅದರ ಕೆಂಪು ಗುರುತಿಗೂ ಬಣ್ಣ ಬೇಡ. ಸೇಫ್ಟಿ ತೆಗೆದಿದೆಯೇ ಹಾಕಿದೆಯೇ ಎಂಬುದನ್ನು ಮುಂಜಾವಿನ ಮಬ್ಬು ಬೆಳಕಿನಲ್ಲಿ ತಿಳಿಸುವುದು ಆ ಕೆಂಪು. ನಳಿಕೆಯ ತುದಿಯ ಗುರಿಮಣಿಯನ್ನು ಮುಚ್ಚಬೇಕು, ನಳಿಕೆಯ ಮೇಲೆ ಉದ್ದಕ್ಕೂ ಇರುವ ಚಪ್ಪಟೆ ಪಟ್ಟಿಗೆ ಬೇಕಾದರೆ ತೆಳುವಾಗಿ ಬಳಿಯಬಹುದು. ಮೇಲಿನಿಂದ ನೋಡುವ ಬಾತಿಗೆ ಕಾಣುವುದು ಆ ಪಟ್ಟಿಯೇ ಆದುದರಿಂದ ನಾನು ಬಳಿಯುತ್ತೇನೆ, ಆದರೆ ಒಂದೇ ಬಣ್ಣದಲ್ಲಿ. ಅಲ್ಲಿ ತೇಪೆಗಳಿದ್ದರೆ ಗುರಿ ಹಿಡಿಯುವಾಗ ಕಣ್ಣು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಸೀರಿಯಲ್ ನಂಬರಿನ ಮೇಲೂ ನಳಿಕೆಯ ಮೇಲೆ ಗೇಜು ಮತ್ತು ಚೇಂಬರಿನ ಉದ್ದವನ್ನು ಕೆತ್ತಿರುವ ಜಾಗದ ಮೇಲೂ ಟೇಪು ಹಚ್ಚಿ, ಅಂಚುಗಳನ್ನು ಬ್ಲೇಡಿನಿಂದ ಹಗುರವಾಗಿ ಕತ್ತರಿಸಬೇಕು. ಎರಡೂಮುಕ್ಕಾಲು ಇಂಚಿನ ಚೇಂಬರಿಗೆ ಮೂರು ಇಂಚಿನ ತೋಟಾ ಹಾಕುವುದು ಅಪಾಯಕಾರಿ, ಮುಂದೆ ಆ ಕೋವಿ ಬೇರೊಬ್ಬರ ಕೈ ಸೇರಿದಾಗ ಆ ಕೆತ್ತನೆ ಓದುವಂತಿರಬೇಕು.

ಚೋಕ್ (ನಳಿಕೆಯ ತುದಿಯೊಳಗೆ ತಿರುಗಿಸಿ ಕೂರಿಸುವ, ಚಿಲ್ಲುಗಳ ಹರವನ್ನು ನಿಯಂತ್ರಿಸುವ ಕಿರುಕೊಳವೆ) ಕೂರುವ ತಿರುಪಿಗೆ ಬಣ್ಣ ಇಳಿಯದಂತೆ ಹಳೆಯ ಚೋಕ್ ಒಂದನ್ನು ತಿರುಗಿಸಿಟ್ಟು, ನಳಿಕೆಯ ಎರಡು ತುದಿಗಳಿಗೂ ಫೋಮ್ ಬಿರಡೆಗಳನ್ನು ತುರುಕಬೇಕು. ಎಷ್ಟು ಬಿರಡೆ ಇಟ್ಟಿರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿರಿ. ಒಂದು ಫೋಮ್ ತುಂಡು ನಳಿಕೆಯೊಳಗೆ ಉಳಿದ ಕೋವಿಯನ್ನು ಹಾರಿಸಿದರೆ ನಳಿಕೆ ಸೀಳಬಹುದು, ಎಡಗೈ ಇರುವುದು ಆ ನಳಿಕೆಯಡಿಯಲ್ಲಿಯೇ.

ನಾಲ್ಕನೆಯ ಹೆಜ್ಜೆ: ಜಾಗ ಮತ್ತು ಹವೆ

ಬಹುಪಾಲು ಸ್ಪ್ರೇ ಬಣ್ಣಗಳು 10ರಿಂದ 32 ಡಿಗ್ರಿ ಸೆಲ್ಸಿಯಸ್ ನಡುವೆ, ತೇವಾಂಶ ಶೇಕಡ 65ಕ್ಕಿಂತ ಕಡಿಮೆ ಇರುವಾಗ ಸರಿಯಾಗಿ ಒಣಗುತ್ತವೆ. ಹ್ಯೂಸ್ಟನ್ನಿನ ಮುಂಜಾನೆಗಳು ಮಂಗಳೂರಿನ ಜೂನ್ ತಿಂಗಳನ್ನು ನೆನಪಿಸುವಂತಿರುತ್ತವೆ. ನನ್ನ ಮೊದಲ ಕೋವಿಗೆ ಅಂಥದ್ದೇ ಒಂದು ಸೆಪ್ಟೆಂಬರ್ ಬೆಳಿಗ್ಗೆ, ಟೀಲ್ ಬಾತಿನ ಋತು ಶುರುವಾಗಲು ನಾಲ್ಕು ದಿನವಿದೆಯೆಂಬ ಅವಸರದಲ್ಲಿ ಬಳಿದೆ, ಋತು ಮುಗಿಯುವವರೆಗೂ ಅದು ಹಲಸಿನ ಮೇಣದಂತೆ ಕೈಗೆ ಅಂಟುತ್ತಲೇ ಇತ್ತು. ಉತ್ತರದಿಂದ ತಣ್ಣನೆಯ ಒಣಗಾಳಿ ಬೀಸಿದ ಮರುದಿನದ ಮಧ್ಯಾಹ್ನ ಇದಕ್ಕೆ ಪ್ರಶಸ್ತವಾದ ಹೊತ್ತು.

ಗ್ಯಾರೇಜಿನ ಬಾಗಿಲನ್ನು ಪೂರ್ತಿ ತೆರೆದು, ಇಲ್ಲವೇ ಗಾಳಿಯಿಲ್ಲದ ದಿನ ಹಿತ್ತಲಿನ ನೆರಳಿನಲ್ಲಿ ಕೆಲಸ ಮಾಡಬಹುದು. ಅಮೆರಿಕದ ಅನೇಕ ಮನೆಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಗ್ಯಾರೇಜಿನಲ್ಲಿಯೇ ಇರುತ್ತದೆ, ಅದರೊಳಗಿನ ಸಣ್ಣ ಜ್ವಾಲೆಗೆ ಸ್ಪ್ರೇ ಆವಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಂಥ ಮನೆಯವರು ಹೊರಗೆ ಬಳಿಯುವುದೇ ಕ್ಷೇಮ. ಹಿತ್ತಲಿನಲ್ಲಿ ಕೋವಿಯ ಆಕಾರದ ವಸ್ತುವನ್ನು ಹಿಡಿದು ಓಡಾಡುವುದು ನೆರೆಯವರಿಗೆ ಹೇಗೆ ಕಂಡೀತೆಂಬುದನ್ನೂ ಯೋಚಿಸಬೇಕು. ಬಿಚ್ಚಿದ ಭಾಗಗಳನ್ನು ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ತಂತಿಯಿಂದ ತೂಗುಹಾಕಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಧೂಳೂ ಕೂರುವುದಿಲ್ಲ.

ಐದನೆಯ ಹೆಜ್ಜೆ: ತಳದ ಬಣ್ಣ

ಗದ್ದೆಯಲ್ಲಿ ಹೆಚ್ಚು ಕಾಣುವ ತಿಳಿಬಣ್ಣವೇ ತಳದ ಬಣ್ಣವಾಗಬೇಕು, ನಮ್ಮ ಉದಾಹರಣೆಯಲ್ಲಿ ಅದು ಖಾಕಿ. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಕೋವಿಯ ಭಾಗ ಶುರುವಾಗುವ ಮೊದಲೇ ಗುಂಡಿ ಒತ್ತಿ, ದಾಟಿದ ಮೇಲೆ ಬಿಡಬೇಕು. ಮೊದಲ ಪದರ ಇಬ್ಬನಿ ಬಿದ್ದಂತೆ ಇದ್ದರೆ ಸಾಕು, ಕೆಳಗಿನ ಕಪ್ಪು ಕಾಣುತ್ತಿದೆಯೆಂದು ಕೈ ಬಿಗಿಹಿಡಿದು ಎರಚಬಾರದು. ಹತ್ತು ಹದಿನೈದು ನಿಮಿಷಗಳ ಅಂತರದಲ್ಲಿ ಹಾಕಿದ ಮೂರು ತೆಳು ಪದರಗಳು ಒಂದು ದಪ್ಪ ಪದರಕ್ಕಿಂತ ಗಟ್ಟಿಯಾಗಿಯೂ ತೆಳ್ಳಗೂ ಇರುತ್ತವೆ. ಒಳಮೂಲೆಗಳಿಗೆ, ಟ್ರಿಗರ್ ಗಾರ್ಡಿನ ಬಳಿಗೆ ಮೊದಲು ಬಳಿದು ನಂತರ ದೊಡ್ಡ ಮೈಗಳಿಗೆ ಬರುವುದು ಲೇಸು.

ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಮುಂದುವರಿಯಬೇಡಿ. ಈ ಜಾತಿಯ ಬಹಳಷ್ಟು ಬಣ್ಣಗಳಲ್ಲಿ ಮುಂದಿನ ಪದರವನ್ನು ಒಂದು ಗಂಟೆಯೊಳಗೆ ಹಾಕಬೇಕು, ತಪ್ಪಿದರೆ ಒಂದೆರಡು ದಿನ ಪೂರ್ತಿ ಕಾಯಬೇಕು ಎಂಬ ಸೂಚನೆ ಇರುತ್ತದೆ. ಅದು ಸುಮ್ಮನೆ ಬರೆದದ್ದಲ್ಲ. ಅರ್ಧ ಒಣಗಿದ ಪದರದ ಮೇಲೆ ಹೊಸ ಪದರ ಬಿದ್ದಾಗ ಅದರ ದ್ರಾವಕವು ಕೆಳಗಿಳಿದು ಹಳೆಯದನ್ನು ಉಬ್ಬಿಸುತ್ತದೆ, ಮೇಲ್ಮೈಯು ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಹಾಗಾದರೆ ತಿಕ್ಕಿ ತೆಗೆದು ಮೊದಲಿನಿಂದ ಶುರುಮಾಡದೆ ಬೇರೆ ದಾರಿಯಿಲ್ಲ.

ಆರನೆಯ ಹೆಜ್ಜೆ: ತೇಪೆ ಮತ್ತು ಹುಲ್ಲು

ಬೇಟೆಯಾಡುವ ಜಾಗದಿಂದಲೇ ಒಂದು ಹಿಡಿ ಒಣಹುಲ್ಲು, ಜೊಂಡಿನ ಎಲೆ, ಕೂಳೆಯ ದಂಟು ತಂದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಸ್ಟೆನ್ಸಿಲ್ ಅಂಗಡಿಯಲ್ಲಿ ಸಿಗದು. ಮೊದಲು ಸ್ಟೆನ್ಸಿಲ್ ಇಲ್ಲದೆ ಮಣ್ಣುಗಂದಿನ ದೊಡ್ಡ ತೇಪೆಗಳನ್ನು ಹಾಕಬೇಕು. ಅವು ನಳಿಕೆಯ ಉದ್ದಕ್ಕೆ ಹರಿಯದೆ ಓರೆಯಾಗಿ ಅಡ್ಡಹಾಯಬೇಕು, ಒಂದು ಪಕ್ಕದಲ್ಲಿ ಶುರುವಾಗಿ ಕೆಳಗಿನಿಂದ ಸುತ್ತಿ ಇನ್ನೊಂದು ಪಕ್ಕದಲ್ಲಿ ಮುಗಿಯಬೇಕು. ಒಂದು ತೇಪೆಯಾದರೂ ನಳಿಕೆಯಿಂದ ಮುಂದಿನ ಹಿಡಿಗೆ, ಇನ್ನೊಂದು ರಿಸೀವರಿನಿಂದ ಸ್ಟಾಕಿಗೆ ದಾಟಿದರೆ ಭಾಗಗಳ ನಡುವಿನ ಗಡಿ ಅಳಿಸಿಹೋಗುತ್ತದೆ. ಇದಕ್ಕಾಗಿ ಭಾಗಗಳನ್ನು ರಟ್ಟಿನ ಮೇಲೆ ಜೋಡಿಸಿದ ಕ್ರಮದಲ್ಲಿಯೇ ಸಾಲಾಗಿಟ್ಟು ಈ ಪದರವನ್ನು ಎರಚುವುದು ಉಚಿತ. ತೇಪೆಗಳ ಗಾತ್ರವೂ ಅಂತರವೂ ಒಂದೇ ಸಮನಾಗಿರಬಾರದು. ಜೀಬ್ರಾದ ಪಟ್ಟೆಯಂತೆ ಸಮವಾಗಿ ಬಂದರೆ ಅದು ಇನ್ನೊಂದು ಬಗೆಯ ನೇರ ಗೆರೆಯಾಗುತ್ತದೆ.

ಆಮೇಲೆ ಹುಲ್ಲಿನ ಎಳೆಗಳನ್ನು ಕೋವಿಯ ಮೈಗೆ ತಾಗಿಸಿ ಹಿಡಿದು, ಹತ್ತಿರದಿಂದ ಅರೆಕ್ಷಣ ಮಾತ್ರ ಆಲಿವ್ ಬಣ್ಣವನ್ನು ಚಿಮ್ಮಿಸಿದರೆ ಎಳೆಯ ನೆರಳು ಖಾಕಿಯಾಗಿ ಉಳಿದು ಸುತ್ತ ಹಸಿರು ಮಸುಕು ಮೂಡುತ್ತದೆ. ಎಳೆ ಮೈಗೆ ಅಂಟಿಕೊಂಡಷ್ಟೂ ಅಂಚು ಚೂಪಾಗುತ್ತದೆ, ಒಂದು ಬೆರಳಿನಷ್ಟು ದೂರವಿದ್ದರೆ ಅಂಚು ಮಬ್ಬಾಗುತ್ತದೆ. ಚೂಪು ಎಳೆಗಳು ಮುಂದಿರುವಂತೆಯೂ ಮಬ್ಬಾದವು ಹಿಂದಿರುವಂತೆಯೂ ಕಾಣುವುದರಿಂದ ಎರಡನ್ನೂ ಬೆರೆಸಿದಾಗ ಆಳ ಹುಟ್ಟುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಭಾಗ ಇದು, ಮತ್ತು ಅದೇ ಕಾರಣಕ್ಕೆ ಅಪಾಯದ ಭಾಗವೂ ಹೌದು. ಇನ್ನೊಂದು ಎಳೆ, ಇನ್ನೊಂದು ಎಲೆ ಎನ್ನುತ್ತಾ ಹೋದರೆ ತಳದ ಖಾಕಿ ಮುಚ್ಚಿಹೋಗಿ ಕೋವಿ ಕಪ್ಪುಹಸಿರಾಗುತ್ತದೆ. ಐದು ಮೀಟರ್ ದೂರ ಹೋಗಿ, ಕಣ್ಣನ್ನು ಅರ್ಧ ಮುಚ್ಚಿ ನೋಡಿರಿ. ಅರ್ಧದಷ್ಟಾದರೂ ಖಾಕಿ ಕಾಣುತ್ತಿರುವಾಗಲೇ ಡಬ್ಬಿಯನ್ನು ಕೆಳಗಿಡಬೇಕು. ಕಾಡಿನಲ್ಲಿ ಬೇಟೆಯಾಡುವವರು ಹುಲ್ಲಿನ ಬದಲು ಹರಿದ ಸ್ಪಂಜನ್ನು ಬಣ್ಣದಲ್ಲಿ ಅದ್ದಿ, ಹೆಚ್ಚಿನದನ್ನು ಕಾಗದಕ್ಕೆ ಒತ್ತಿ ತೆಗೆದು, ಕೋವಿಯ ಮೇಲೆ ತಟ್ಟಿದರೆ ತೊಗಟೆಯಂಥ ಮೈ ಸಿಗುತ್ತದೆ.

ಕೊನೆಯಲ್ಲಿ ಬಹಳ ದೂರದಿಂದ, ಸುಮಾರು ಅರ್ಧ ಮೀಟರಿನಿಂದ, ಖಾಕಿಯನ್ನು ಒಂದೇ ಸಲ ಹಗುರವಾಗಿ ಹಾಯಿಸಿದರೆ ಎಲ್ಲ ಬಣ್ಣಗಳ ಮೇಲೂ ತೆಳುವಾದ ಧೂಳು ಕೂತಂತಾಗಿ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮೇಲೆ ಪಾರದರ್ಶಕ ಲೇಪನ ಬೇಕೇ ಎಂದು ಕೇಳುವವರಿದ್ದಾರೆ. ಪೂರ್ತಿ ಮಾಸಲಾದದ್ದು, ಅದೇ ಕಂಪನಿಯದ್ದು ಸಿಕ್ಕಿದರೆ ಹಾಕಬಹುದು, ಸ್ವಲ್ಪ ಹೊಳಪು ಬಂದರೂ ಮಾಡಿದ ಕೆಲಸವೆಲ್ಲ ನೀರುಪಾಲಾಗುವುದರಿಂದ ನಾನು ಹಾಕುವುದಿಲ್ಲ.

ಏಳನೆಯ ಹೆಜ್ಜೆ: ಟೇಪು ತೆಗೆಯುವುದು, ಕಾಯುವುದು, ಜೋಡಿಸುವುದು

ಕೊನೆಯ ಪದರ ಕೈಗೆ ಅಂಟದಷ್ಟು ಒಣಗಿದೊಡನೆ, ಇನ್ನೂ ಗಟ್ಟಿಯಾಗುವ ಮೊದಲು, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಬೇಕು. ಪೂರ್ತಿ ಗಟ್ಟಿಯಾದ ಮೇಲೆ ಎಳೆದರೆ ಅಂಚಿನ ಬಣ್ಣವೂ ಚಕ್ಕೆಯಾಗಿ ಎದ್ದುಬರುತ್ತದೆ. ನಂತರ ಒಂದು ವಾರ ಕಾಯಬೇಕು. ಮರುದಿನವೇ ಒಣಗಿದಂತೆ ಕಂಡರೂ, ಪ್ಲಾಸ್ಟಿಕ್ ಮೇಲಿನ ಬಣ್ಣ ತನ್ನ ಪೂರ್ತಿ ಹಿಡಿತ ಪಡೆಯಲು ಅಷ್ಟು ದಿನ ಬೇಕು. ಆ ವಾರದಲ್ಲಿ ಬಿಚ್ಚಿದ ಭಾಗಗಳನ್ನೂ ಬೀಗ ಹಾಕಿದ ಕಪಾಟಿನಲ್ಲಿಯೇ ಇಡುವುದು ಮನೆಯಲ್ಲಿ ಮಕ್ಕಳಿರುವವರಿಗೆ ಕಡ್ಡಾಯ.

ಜೋಡಿಸುವ ಮೊದಲು ಚೀಟಿಯಲ್ಲಿ ಬರೆದಷ್ಟು ಬಿರಡೆಗಳು ಮೇಜಿನ ಮೇಲಿವೆಯೇ ಎಂದು ಎಣಿಸಿ, ನಳಿಕೆಯ ಒಂದು ತುದಿಯಿಂದ ಬೆಳಕಿನತ್ತ ನೋಡಬೇಕು. ನಳಿಕೆ ಬಿಚ್ಚಿರುವಾಗ ಮಾತ್ರ ಹೀಗೆ ನೋಡಲು ಅನುಮತಿ. ಎಣ್ಣೆ ತೆಗೆದು ಬರಿದಾಗಿಸಿದ ಒಳಭಾಗಗಳಿಗೆ ಮತ್ತೆ ತೆಳುವಾಗಿ ಎಣ್ಣೆ ಹಚ್ಚಿ, ನಳಿಕೆಯೊಳಗೂ ಒಂದು ಬಟ್ಟೆ ಹಾಯಿಸಿ, ಚೋಕ್ ಬಿಗಿಸಿ ಜೋಡಿಸಬೇಕು. ವಲಸೆ ಹಕ್ಕಿಗಳ ಬೇಟೆಯಲ್ಲಿ ಸಾಮಾನ್ಯವಾಗಿ ಕೋವಿಯೊಳಗೆ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದೆಂಬುದು ಅಮೆರಿಕದ ಫೆಡರಲ್ ನಿಯಮ. ಇದಕ್ಕಾಗಿ ಮ್ಯಾಗಜಿನ್ ಕೊಳವೆಯೊಳಗೆ ಇಡುವ ಪ್ಲಗ್ ಎಂಬ ಕಡ್ಡಿಯು ಬಿಚ್ಚುವಾಗ ಹೊರಗೆ ಬಂದು ಮೇಜಿನಡಿ ಉರುಳಿರುವ ಸಾಧ್ಯತೆ ಬಹಳ. ಅದನ್ನು ಮರೆತವರು ಗದ್ದೆಯಲ್ಲಿ ಬೇಟೆಯ ನಿಯಮಗಳನ್ನು ಜಾರಿಮಾಡುವ ಅಧಿಕಾರಿಯ ಮುಂದೆ ಉತ್ತರ ಹೇಳಬೇಕಾಗುತ್ತದೆ. ಪರೀಕ್ಷೆಗೆ ಮದ್ದಿಲ್ಲದ ಡಮ್ಮಿ ತೋಟಾಗಳನ್ನೇ ಬಳಸಿ ಹಲವು ಸಲ ಪಂಪ್ ಮಾಡಿ, ಸೇಫ್ಟಿ ಸರಾಗವಾಗಿ ಆಡುತ್ತದೆಯೇ, ಟ್ರಿಗರ್ ಎಲ್ಲಿಯೂ ಹಿಡಿಯದೆ ಮರಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಲ್ಲಾದರೂ ಬಿಗಿಯಾಗಿ ಓಡಿದರೆ ಅಲ್ಲಿ ಬಣ್ಣ ನುಸುಳಿದೆಯೆಂದು ತಿಳಿದು, ಆ ಜಾಗವನ್ನು ಮಾತ್ರ ದ್ರಾವಕದಿಂದ ಒರೆಸಬೇಕು.

ಬಳಸುವಾಗ ಗಮನಿಸಬೇಕಾದದ್ದು

ಈ ಬಣ್ಣದ ದೊಡ್ಡ ಶತ್ರು ನೀರಲ್ಲ, ಸೊಳ್ಳೆ ಓಡಿಸುವ ಔಷಧಿ. ಡೀಟ್ ಎಂಬ ರಾಸಾಯನಿಕವಿರುವ ಔಷಧಿ ಬಣ್ಣವನ್ನೂ ಕೆಲವು ಪ್ಲಾಸ್ಟಿಕ್ಕುಗಳನ್ನೂ ಮೆತ್ತಗಾಗಿಸುತ್ತದೆ. ಸೆಪ್ಟೆಂಬರಿನ ಜೌಗಿನಲ್ಲಿ ಅದನ್ನು ಕೈಗೆ ಬಳಿದುಕೊಂಡು ಕೋವಿ ಹಿಡಿದರೆ, ಮಧ್ಯಾಹ್ನದ ಹೊತ್ತಿಗೆ ಅಂಗೈ ಕ್ಯಾಮೊಫ್ಲಾಜ್ ಆಗಿರುತ್ತದೆ, ಹಿಡಿ ಬರಿದಾಗಿರುತ್ತದೆ. ಅಂಗೈಯನ್ನು ಒರೆಸಿಕೊಂಡು ಅಥವಾ ಕೈಗವಸು ಹಾಕಿಕೊಂಡು ಹಿಡಿಯುವುದು ಇದಕ್ಕೆ ಪರಿಹಾರ. ನಳಿಕೆ ಶುಚಿ ಮಾಡುವ ದ್ರಾವಕವೂ ಹೀಗೆಯೇ ಬಣ್ಣವನ್ನು ತಿನ್ನುವುದರಿಂದ, ಶುಚಿ ಮಾಡುವಾಗ ಹೊರಗೆ ಸುರಿದದ್ದನ್ನು ಕೂಡಲೇ ಒರೆಸಬೇಕು. ಬೇಟೆಯಲ್ಲಿ ಹಾರಿಸುವ ಬೆರಳೆಣಿಕೆಯ ತೋಟಾಗಳಿಂದ ನಳಿಕೆ ಅಷ್ಟಾಗಿ ಕಾಯುವುದಿಲ್ಲ, ಆದರೆ ಮಣ್ಣಿನ ಬಿಲ್ಲೆಗಳಿಗೆ ಒಂದೇ ಸಮನೆ ನೂರು ತೋಟಾ ಹಾರಿಸುವ ಅಭ್ಯಾಸಕ್ಕೆ ಈ ಕೋವಿಯನ್ನು ಒಯ್ದರೆ ಬಿಸಿಗೆ ಬಣ್ಣ ಮೆತ್ತಗಾಗಿ ಗುರುತು ಬೀಳಬಹುದು.

ಗಲ್ಫ್ ಕರಾವಳಿಯ ಉಪ್ಪು ಜೌಗಿನಲ್ಲಿ ಬೇಟೆಯಾಡಿದ ದಿನ ಕೋವಿಯನ್ನು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಣ್ಣವಿಲ್ಲದ ಭಾಗಗಳಿಗೆ ಎಣ್ಣೆ ಸವರಬೇಕು. ಬಣ್ಣವು ಲೋಹಕ್ಕೆ ಹೊದಿಕೆಯಾಗಿರುವುದು ನಿಜವಾದರೂ, ಎಲ್ಲಿ ಗೀರು ಬಿದ್ದಿದೆಯೋ ಅಲ್ಲಿ ತುಕ್ಕು ಹೊದಿಕೆಯಡಿಯಲ್ಲಿ ಯಾರಿಗೂ ಕಾಣದಂತೆ ಹಬ್ಬುತ್ತದೆ. ದೋಣಿಯ ಅಂಚಿಗೆ ತಾಗುವ ನಳಿಕೆಯ ಪಕ್ಕ, ಅಂಗೈ ಹಿಡಿಯುವ ಜಾಗ ಮತ್ತು ರಿಸೀವರಿನ ಕೆಳ ಅಂಚು ಮೊದಲು ಸವೆಯುತ್ತವೆ. ಋತು ಮುಗಿದ ಮೇಲೆ ಆ ಜಾಗಗಳನ್ನಷ್ಟೇ ಆಲ್ಕೋಹಾಲಿನಿಂದ ಒರೆಸಿ, ಸುತ್ತ ಟೇಪು ಹಚ್ಚದೆ ಖಾಕಿಯ ಒಂದು ಮಬ್ಬು ಹಾಯಿಸಿದರೆ ಹಳತಿಗೂ ಹೊಸತಿಗೂ ನಡುವಿನ ಗೆರೆ ಕಾಣುವುದಿಲ್ಲ. ನನ್ನ ಕೋವಿಗೆ ಹೀಗೆ ಐದು ಸಲ ತೇಪೆ ಬಿದ್ದಿದೆ, ಬದುವಿನ ಮೇಲೆ ಒರಗಿಸಿಟ್ಟು ಫ್ಲಾಸ್ಕಿನ ಕಾಫಿಗೆಂದು ಎರಡು ಹೆಜ್ಜೆ ಹೋದರೆ ಮರಳಿ ಹುಡುಕಬೇಕಾಗುತ್ತದೆ, ಆದುದರಿಂದ ಈಗ ಅದರ ಹೆಗಲಪಟ್ಟಿಗೆ ಒಂದು ಚಿಕ್ಕ ಕಿತ್ತಳೆ ದಾರ ಕಟ್ಟಿಟ್ಟಿದ್ದೇನೆ, ಹಕ್ಕಿ ಬರುವ ಹೊತ್ತಿಗೆ ಅದನ್ನು ಒಳಕ್ಕೆ ಮಡಚಿಕೊಳ್ಳುತ್ತೇನೆ.